‘ಆಗುವುದಿಲ್ಲ’ ಎಂದ ಪುರಸಭೆ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ದತ್ತಿಯನ್ನು ಇಟ್ಟ ಹಿರಿಯರು ಪುರಸಭೆಯ ಕಂದಾಯ ವಿಭಾಗದಲ್ಲಿ ಗುಮಾಸ್ತರಾಗಿ ದುಡಿದು ನಿವೃತ್ತರಾದವರು. ವೇದಿಕೆಯಿಂದ ತಮ್ಮ ಹೆಸರು ಹೇಳಬಾರದು, ಫೋಟೊಗೆ ಹಾರ ಹಾಕಬಾರದು, ವರ್ಷಕ್ಕೊಮ್ಮೆ ಯಾರಾದರೂ ಊರಿನ ಆಡಳಿತದ ಬಗ್ಗೆ ತಿಳಿದು ಮಾತಾಡಲಿ ಎಂದಷ್ಟೇ ದತ್ತಿಪತ್ರದಲ್ಲಿ ಬರೆಸಿದ್ದಾರೆ. ಆ ಇಚ್ಛೆಯಂತೆ ಇವತ್ತು ಸ್ಥಳೀಯ ಸಂಸ್ಥೆಗಳ ಖರ್ಚಿಗೆ ಬೀಳುವ ಕತ್ತರಿಯ ಬಗ್ಗೆ ಮಾತಾಡುತ್ತೇನೆ. ನನ್ನ ಮಾತು ಹೆಚ್ಚಾಗಿ ಇಂಗ್ಲೆಂಡಿನ ಊರುಗಳಲ್ಲೇ ಓಡಾಡುತ್ತದೆ. ಕತ್ತರಿ ಎಲ್ಲಿ ಹೇಗೆ ಆಡಿತೆಂಬ ಲೆಕ್ಕ ಅಲ್ಲಿ ಕಾಗದಪತ್ರಗಳಲ್ಲಿ ಸಿಗುತ್ತದೆ. ಅದಕ್ಕೆ ಎದುರು ನಿಂತವರ ಕಥೆಯೂ ಸಿಗುತ್ತದೆ.

ಅದಕ್ಕೆ ಮೊದಲು ನಮ್ಮೂರಿನ ಒಂದು ಮೆಟ್ಟಿಲ ಮೇಲೆ ಕಂಡದ್ದನ್ನು ಹೇಳಬೇಕು.

ನನಗೆ ಓದುವ ಹುಚ್ಚು ಹತ್ತಿದ್ದು ನಮ್ಮ ತಾಲ್ಲೂಕು ಕೇಂದ್ರದ ವಾಚನಾಲಯದಲ್ಲಿ. ಎರಡು ಉದ್ದನೆಯ ಮೇಜು, ಅಂಚು ಸವೆದ ಬೆಂಚು, ದಾರದಲ್ಲಿ ಹೊಲಿದಿಟ್ಟ ವಾರಪತ್ರಿಕೆಗಳು. ಮಧ್ಯಾಹ್ನದ ಹೊತ್ತು ಮಂಡಿಯ ಹಮಾಲರೊಬ್ಬರು ಬಂದು ಬೆರಳಿಟ್ಟು ಸಾಲು ಸಾಲಾಗಿ ಪೇಪರ್ ಓದುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಹೋದ ವರ್ಷ ಊರಿಗೆ ಹೋದಾಗ ಸಂಜೆ ನಾಲ್ಕಕ್ಕೆ ಆ ವಾಚನಾಲಯಕ್ಕೆ ಬೀಗ ಬಿದ್ದಿತ್ತು. ಸಿಬ್ಬಂದಿ ಇಲ್ಲದ್ದರಿಂದ ಬೆಳಿಗ್ಗೆ ಮಾತ್ರ ತೆರೆದಿರುತ್ತದೆಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಮೆಟ್ಟಿಲ ಮೇಲೆ ಇಬ್ಬರು ಹುಡುಗಿಯರು ಗೈಡು ಬಿಚ್ಚಿಕೊಂಡು ಕೂತಿದ್ದರು. ಪಿಡಿಒ ಪರೀಕ್ಷೆಗೆ ಓದುತ್ತಿದ್ದೇವೆ ಸಾರ್, ಮನೆಯಲ್ಲಿ ಟಿವಿ ಗಲಾಟೆ ಎಂದರು. ಬಸ್ ನಿಲ್ದಾಣದ ಹಿಂದೆ ಖಾಸಗಿಯವರ ಸ್ಟಡಿ ರೂಮ್ ಇದೆಯಂತೆ. ಒಂದು ಕುರ್ಚಿಗೆ ತಿಂಗಳಿಗೆ 800 ರೂಪಾಯಿ. ಒಬ್ಬಳು ಎರಡು ತಿಂಗಳು ಕಟ್ಟಿ ಬಿಟ್ಟಿದ್ದಳು. ಇನ್ನೊಬ್ಬಳು ಕಟ್ಟಿಯೇ ಇರಲಿಲ್ಲ.

ಗ್ರಂಥಪಾಲಕರ ಒಂದು ಸಂಬಳ ಉಳಿಯಿತೆಂದು ಯಾವುದೋ ಕಚೇರಿಯ ಲೆಕ್ಕ ಹೇಳುತ್ತದೆ. ಆ ಹಣ ಉಳಿದಿಲ್ಲ. ಆ ಹುಡುಗಿಯ ಅಪ್ಪನ ಜೇಬಿನಿಂದ ತಿಂಗಳಿಗೆ 800ರಂತೆ ಹೊರಗೆ ಬಂದಿದೆ. ಕೊಡಲಾರದವರ ಮನೆಯಲ್ಲಿ ಓದಿಗೇ ಕುತ್ತು ಬಂದಿದೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ಸಾಕ್ಷ್ಯ.

ಈಗ 1921ರ ಲಂಡನ್ನಿಗೆ ಬನ್ನಿ. ನಗರದ ಪೂರ್ವಕ್ಕೆ, ಥೇಮ್ಸ್ ನದಿಯ ಹಡಗುಕಟ್ಟೆಗಳ ಪಕ್ಕದಲ್ಲಿ ಪಾಪ್ಲರ್ ಎಂಬ ಬರೋ ಇತ್ತು. ನಮ್ಮ ಲೆಕ್ಕದಲ್ಲಿ ಒಂದು ನಗರಸಭೆ ಎನ್ನಿ. ಹಡಗಿನ ಸರಕು ಇಳಿಸುವ ಕೂಲಿಗಳ ಊರು. ಮೊದಲ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಬಂದಿದ್ದರು, ಕೆಲಸ ಇರಲಿಲ್ಲ. ಆಗಿನ ಇಂಗ್ಲೆಂಡಿನ ಕಾನೂನಿನಲ್ಲಿ ಕೆಲಸವಿಲ್ಲದವರಿಗೆ ಕೊಡುವ ಪರಿಹಾರದ ಭಾರ ಆಯಾ ಪ್ರದೇಶದ ಮನೆ ಕಂದಾಯದ ಮೇಲೆಯೇ ಬೀಳುತ್ತಿತ್ತು. ವೆಸ್ಟ್‌ಮಿನ್‌ಸ್ಟರ್‌ನಂಥ ಸಿರಿವಂತರ ಬಡಾವಣೆಯಲ್ಲಿ ಕಟ್ಟಡಗಳ ಬೆಲೆ ದೊಡ್ಡದು, ನಿರುದ್ಯೋಗಿಗಳು ಕಡಿಮೆ. ಪಾಪ್ಲರ್‌ನಲ್ಲಿ ತದ್ವಿರುದ್ಧ. ಒಂದೇ ದರದ ಕಂದಾಯ ಹಾಕಿದರೂ ಅಲ್ಲಿ ಬರುವ ಹಣದ ಒಂದು ಚೂರು ಮಾತ್ರ ಇಲ್ಲಿ ಬರುತ್ತಿತ್ತು. ಬಡವರಿಗೆ ನೆರವು ಕೊಡಲು ಬಡವರ ಮೇಲೆಯೇ ಕಂದಾಯ ಏರಿಸಬೇಕು. ಇದರ ಮೇಲೆ ಲಂಡನ್ ಕೌಂಟಿ ಕೌನ್ಸಿಲ್ಲಿಗೆ, ಪೊಲೀಸಿಗೆ, ನೀರು ಮಂಡಳಿಗೆ, ಆಸ್ಪತ್ರೆ ಮಂಡಳಿಗೆ ಪಾಲು ವಸೂಲು ಮಾಡಿ ಕಟ್ಟುವ ಹೊಣೆಯೂ ಇತ್ತು.

ಕೌನ್ಸಿಲರುಗಳ ಮುಂದೆ ಎರಡು ದಾರಿಗಳಿದ್ದವು. ಕಂದಾಯ ಏರಿಸಿ ಬಾಡಿಗೆದಾರರನ್ನು ಹಿಂಡುವುದು, ಇಲ್ಲವೇ ಹಸಿದವರ ಪರಿಹಾರಕ್ಕೆ ಕತ್ತರಿ ಹಾಕುವುದು. ಅವರು ಎರಡನ್ನೂ ಒಲ್ಲೆವೆಂದರು. ಮೇಲಿನ ಮಂಡಳಿಗಳ ಪಾಲನ್ನು ವಸೂಲು ಮಾಡುವುದೇ ಇಲ್ಲ ಎಂದು ನಿರ್ಣಯ ಮಾಡಿದರು. ಹೈಕೋರ್ಟು ಕರೆಸಿತು. 1921ರ ಜುಲೈ 29ರಂದು ಅವರು ಪಾಪ್ಲರ್‌ನಿಂದ ಕೋರ್ಟಿಗೆ ಮೆರವಣಿಗೆಯಲ್ಲಿ ನಡೆದೇ ಹೋದರು. ಪಾಪ್ಲರ್ ಕೌನ್ಸಿಲ್ ಹೈಕೋರ್ಟಿಗೆ, ಬಹುಶಃ ಜೈಲಿಗೂ, ಹೊರಟಿದೆ ಎಂದು ಮುಂದಿನ ಬ್ಯಾನರಿನಲ್ಲಿ ಬರೆದಿತ್ತು. ಸೆಪ್ಟೆಂಬರಿನಲ್ಲಿ 30 ಮಂದಿ ಕೌನ್ಸಿಲರುಗಳು ಜೈಲಿಗೆ ಹೋದರು. ಗಂಡಸರು ಬ್ರಿಕ್ಸ್‌ಟನ್ ಜೈಲಿಗೆ, ಹೆಂಗಸರು ಹಾಲೋವೇ ಜೈಲಿಗೆ. ಹೆಂಗಸರಲ್ಲಿ ನೆಲ್ಲಿ ಕ್ರೆಸಲ್ ತುಂಬು ಗರ್ಭಿಣಿ.

ಜೈಲಿನಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಭೆ ನಡೆಯದಿದ್ದರೆ ಪುರಸಭೆಯ ಕೆಲಸ ನಿಲ್ಲುತ್ತದೆ ಎಂದು ಇವರು ಹಟ ಹಿಡಿದರು. ಜೈಲಿನವರು ಒಪ್ಪಬೇಕಾಯಿತು. ಹಾಲೋವೇಯಿಂದ ಹೆಂಗಸರನ್ನು ಮೋಟಾರಿನಲ್ಲಿ ಕರೆತಂದು ಬ್ರಿಕ್ಸ್‌ಟನ್ ಜೈಲಿನೊಳಗೇ ಕೌನ್ಸಿಲ್ ಸಭೆ ನಡೆಸಿದರು. ರಾತ್ರಿ ಜನ ಜೈಲಿನ ಹೊರಗೆ ಸೇರುತ್ತಿದ್ದರು. ಕೌನ್ಸಿಲರುಗಳ ಮುಂದಾಳು ಜಾರ್ಜ್ ಲ್ಯಾನ್ಸ್‌ಬರಿ ಕೋಣೆಯ ಸರಳುಗಳ ಹಿಂದೆ ನಿಂತು ಅವರನ್ನು ಉದ್ದೇಶಿಸಿ ಮಾತಾಡುತ್ತಿದ್ದರು. ಅಕ್ಟೋಬರ್ 12ರಂದು ಬಿಡುಗಡೆಯಾಯಿತು. ಬಡವರ ಪರಿಹಾರದ ಭಾರವನ್ನು ಲಂಡನ್ನಿನ ಎಲ್ಲ ಬರೋಗಳೂ ಹಂಚಿಕೊಳ್ಳುವ ಕಾಯ್ದೆಯನ್ನು ಪಾರ್ಲಿಮೆಂಟು ಅದೇ ವರ್ಷ ಮಾಡಿತು. ಆರು ವಾರದ ಜೈಲುವಾಸಕ್ಕೆ ಇಂಥ ಫಲ ಸಿಕ್ಕಿದ ಇನ್ನೊಂದು ಪುರಸಭೆಯನ್ನು ನಾನು ಕಾಣೆ.

ಬೆಲೆಯನ್ನೂ ತೆತ್ತರು. ಲ್ಯಾನ್ಸ್‌ಬರಿಯವರ ಸೊಸೆ ಮಿನ್ನಿ, ಅವರೂ ಜೈಲು ಕಂಡವರೇ, 1922ರ ಜನವರಿ 1ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಅವರಿಗೆ 32 ವರ್ಷ. ನೆಲ್ಲಿ ಕ್ರೆಸಲ್ ಬದುಕಿ, ಮುಂದೆ 1943ರಲ್ಲಿ ಅದೇ ಪಾಪ್ಲರ್‌ನ ಮೇಯರ್ ಆದರು.

ನಮಗೆ ಈ ಊರು ತೀರ ಅಪರಿಚಿತವೇನಲ್ಲ. 1931ರಲ್ಲಿ ದುಂಡು ಮೇಜಿನ ಪರಿಷತ್ತಿಗೆ ಹೋದ ಗಾಂಧೀಜಿ ಹೋಟೆಲು ಬೇಡವೆಂದು ತಂಗಿದ್ದು ಕಿಂಗ್ಸ್‌ಲಿ ಹಾಲ್‌ನಲ್ಲಿ. ಅದು ಇರುವುದು ಬೋ ಎಂಬ ಭಾಗದಲ್ಲಿ. ಬೋ ಆಗ ಪಾಪ್ಲರ್ ಬರೋಗೆ ಸೇರಿತ್ತು. ಅವರನ್ನು ಬರಮಾಡಿಕೊಂಡ ಮ್ಯೂರಿಯಲ್ ಲೆಸ್ಟರ್ ಪಾಪ್ಲರ್ ಕೌನ್ಸಿಲಿನಲ್ಲಿ ದುಡಿದವರು. ಕಾನೂನು ಮುರಿದು, ತಪ್ಪಿಸಿಕೊಳ್ಳದೆ, ಶಿಕ್ಷೆಗೆ ತಲೆ ಕೊಡುವುದೆಂದರೇನೆಂದು ಗಾಂಧೀಜಿ ಬರುವ ಹತ್ತು ವರ್ಷ ಮೊದಲೇ ಆ ಬೀದಿಗಳು ನೋಡಿದ್ದವು.

ಪಾಪ್ಲರ್‌ನ ಇನ್ನೊಂದು ಕೆಲಸವನ್ನು ಗಟ್ಟಿಯಾಗಿ ನೆನಪಿಡಿ. 1920ರಲ್ಲೇ ಆ ಕೌನ್ಸಿಲ್ ತನ್ನ ಕೆಲಸಗಾರರಿಗೆ ವಾರಕ್ಕೆ ಕನಿಷ್ಠ 4 ಪೌಂಡ್ ಕೂಲಿ ಗೊತ್ತು ಮಾಡಿತು. ಗಂಡಸಿಗೆಷ್ಟೋ ಹೆಂಗಸಿಗೂ ಅಷ್ಟೇ. ಸರ್ಕಾರದ ಆಡಿಟರ್ ಇದು ಹೆಚ್ಚಾಯಿತೆಂದು ಆಕ್ಷೇಪಿಸಿ, ಹೆಚ್ಚುವರಿ ಹಣವನ್ನು ಕೌನ್ಸಿಲರುಗಳೇ ಕೈಯಿಂದ ಕಟ್ಟಬೇಕೆಂದರು. ಪ್ರಕರಣ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 1925ರ ತೀರ್ಪು ಆಡಿಟರ್ ಪರವಾಗಿ ಬಂತು. ಹೆಣ್ಣಿಗೂ ಗಂಡಿಗೂ ಸಮ ಕೂಲಿ ಎಂಬುದು ಸಮಾಜವಾದಿ ಔದಾರ್ಯದ, ಸ್ತ್ರೀವಾದಿ ಹಂಬಲದ ವಿಪರೀತವೆಂಬ ಅರ್ಥದಲ್ಲಿ ನ್ಯಾಯಮೂರ್ತಿಯೊಬ್ಬರು ಬರೆದರು. ರಾಬರ್ಟ್ಸ್ ವಿರುದ್ಧ ಹಾಪ್‌ವುಡ್ ಎಂಬ ಈ ಮೊಕದ್ದಮೆಯನ್ನು ಕಾನೂನು ವಿದ್ಯಾರ್ಥಿಗಳು ಈಗಲೂ ಓದುತ್ತಾರೆ. ಸಮ ಕೂಲಿಯನ್ನೂ ದುಂದುವೆಚ್ಚದ ಸಾಲಿಗೆ ಸೇರಿಸಿದ ತೀರ್ಪು ಅದು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಬರ್ಮಿಂಗ್‌ಹ್ಯಾಮ್‌ಗೆ ಹೋಗೋಣ.

ಸಾರ್ವಜನಿಕ ಸೇವೆ ಎಂಬ ಮಾತಿಗೆ ಆಕಾರ ಕೊಟ್ಟ ಊರುಗಳಲ್ಲಿ ಬರ್ಮಿಂಗ್‌ಹ್ಯಾಮ್ ಮುಂಚೂಣಿಯದು. 1873ರಿಂದ 1876ರವರೆಗೆ ಮೇಯರ್ ಆಗಿದ್ದ ಜೋಸೆಫ್ ಚೇಂಬರ್‌ಲೇನ್ ಖಾಸಗಿ ಕಂಪನಿಗಳ ಕೈಯಲ್ಲಿದ್ದ ಗ್ಯಾಸು, ನೀರು ಎರಡನ್ನೂ ಪಾಲಿಕೆಗೆ ಕೊಂಡರು. ಅವರೇನೂ ಸಮಾಜವಾದಿಯಲ್ಲ, ತಿರುಪು ಮೊಳೆ ಮಾಡಿ ದುಡ್ಡು ಮಾಡಿದ ವ್ಯಾಪಾರಿ. ಕೊಳಕು ನೀರು ಕುಡಿದು ಕೆಲಸಗಾರರು ಸಾಯುತ್ತಿದ್ದರೆ ಊರು ಏಳಿಗೆಯಾಗದೆಂಬ ಲೆಕ್ಕ ಅವರಿಗೆ ಗೊತ್ತಿತ್ತು. 1904ರಲ್ಲಿ ವೇಲ್ಸ್‌ನ ಎಲಾನ್ ಕಣಿವೆಯಿಂದ ಸುಮಾರು 118 ಕಿಲೋಮೀಟರ್ ದೂರ, ಪಂಪಿಲ್ಲದೆ ಬರಿಯ ಇಳಿಜಾರಿನಲ್ಲಿ ಹರಿದು ನೀರು ಆ ಊರಿಗೆ ಬಂತು.

ಅಂಥ ಊರು 2023ರ ಸೆಪ್ಟೆಂಬರ್ 5ರಂದು ತನ್ನ ಕೈಯಲ್ಲಿ ಕಾಸಿಲ್ಲವೆಂದು 1988ರ ಸ್ಥಳೀಯ ಆಡಳಿತ ಹಣಕಾಸು ಕಾಯ್ದೆಯ 114ನೇ ಕಲಮಿನಡಿ ನೋಟಿಸು ಹೊರಡಿಸಿತು. ಅಂದರೆ ಕಾನೂನು ಕಡ್ಡಾಯ ಮಾಡಿದ ಕೆಲಸಗಳನ್ನು ಬಿಟ್ಟು ಹೊಸದಾಗಿ ಒಂದು ಪೌಂಡೂ ಖರ್ಚು ಮಾಡುವಂತಿಲ್ಲ. ಹತ್ತು ಲಕ್ಷಕ್ಕಿಂತ ಹೆಚ್ಚು ಜನರ ನಗರ ಅದು.

ಹೀಗಾದದ್ದೇಕೆ? ಅಡುಗೆಯವರು, ಕಸ ಗುಡಿಸುವ ಆಯಾಗಳು, ಮುದುಕರನ್ನು ನೋಡಿಕೊಳ್ಳುವ ದಾದಿಯರು, ಹೀಗೆ ಹೆಂಗಸರೇ ಹೆಚ್ಚಾಗಿದ್ದ ಕೆಲಸಗಳಿಗೆ ಪಾಲಿಕೆ ಬೋನಸ್ ಕೊಡುತ್ತಿರಲಿಲ್ಲ. ಅದೇ ದರ್ಜೆಯ, ಗಂಡಸರಿದ್ದ ಕಸದ ಗಾಡಿ, ಬೀದಿ ಗುಡಿಸುವ ಕೆಲಸಗಳಿಗೆ ಕೊಡುತ್ತಿತ್ತು. ಹೆಂಗಸರು ಮೊಕದ್ದಮೆ ಹೂಡಿದರು. 2010ರಲ್ಲಿ ಸಾವಿರಾರು ಹೆಂಗಸರು ನ್ಯಾಯಮಂಡಳಿಯಲ್ಲಿ ಗೆದ್ದರು. ಕೆಲಸ ಬಿಟ್ಟುಹೋದವರೂ ಬಾಕಿ ಕೇಳಬಹುದೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಮ ಕೂಲಿ ಕೊಟ್ಟದ್ದಕ್ಕೆ 1925ರಲ್ಲಿ ಒಂದು ಪುರಸಭೆಯ ವಿರುದ್ಧ ತೀರ್ಪು. ಕೊಡದ್ದಕ್ಕೆ 2012ರಲ್ಲಿ ಇನ್ನೊಂದರ ವಿರುದ್ಧ ತೀರ್ಪು. ಬಾಕಿ ತೀರಿಸಲು ಬರ್ಮಿಂಗ್‌ಹ್ಯಾಮ್ 2015ರಲ್ಲಿ ತನ್ನ ಹೆಸರಾಂತ ಪ್ರದರ್ಶನ ಕೇಂದ್ರದ ಉದ್ಯಮವನ್ನೇ 30.7 ಕೋಟಿ ಪೌಂಡಿಗೆ ಮಾರಿತು. ಸಾಲಲಿಲ್ಲ. ಇನ್ನೂ 76 ಕೋಟಿ ಪೌಂಡ್‌ವರೆಗೆ ಬೇಕಾಗಬಹುದೆಂದು 2023ರಲ್ಲಿ ಪಾಲಿಕೆಯೇ ಅಂದಾಜು ಹೇಳಿತು. ಇದರ ಜೊತೆಗೆ 1.9 ಕೋಟಿ ಪೌಂಡಿನಲ್ಲಿ ಮುಗಿಯಬೇಕಿದ್ದ ಲೆಕ್ಕಪತ್ರದ ಕಂಪ್ಯೂಟರ್ ವ್ಯವಸ್ಥೆಯೊಂದು 10 ಕೋಟಿ ದಾಟಿತು.

ತಪ್ಪು ಪಾಲಿಕೆಯದೇ, ಇದರಲ್ಲಿ ಎರಡು ಮಾತಿಲ್ಲ. ಆದರೆ ಇಷ್ಟಕ್ಕೇ ಕಥೆ ಮುಗಿಸುವವರು ಅರ್ಧ ಲೆಕ್ಕ ಹೇಳುತ್ತಿದ್ದಾರೆ. 2010ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ ಬ್ಯಾಂಕುಗಳ ಕುಸಿತದಿಂದಾದ ಸಾಲದ ಹೊರೆಯನ್ನು ಮಿತವ್ಯಯದ ಹೆಸರಿನಲ್ಲಿ ಕೆಳಗಿನ ಸಂಸ್ಥೆಗಳ ಹೆಗಲಿಗೆ ದಾಟಿಸಿತು. 2010-11ರಿಂದ 2017-18ರ ನಡುವೆ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳಿಗೆ ಸರ್ಕಾರ ಕೊಡುವ ಹಣ, ಬೆಲೆಯೇರಿಕೆ ಕಳೆದು ನೋಡಿದರೆ, ಶೇ 49.1ರಷ್ಟು ಇಳಿಯಿತು. ಇದನ್ನು ಹೇಳಿದ್ದು ಆ ದೇಶದ ರಾಷ್ಟ್ರೀಯ ಲೆಕ್ಕ ಪರಿಶೋಧನಾ ಕಚೇರಿ. ಅರ್ಧ ಅನುದಾನ ಹೋದರೂ ವಯಸ್ಸಾದವರ ಆರೈಕೆ, ತಬ್ಬಲಿ ಮಕ್ಕಳ ರಕ್ಷಣೆ ಇವುಗಳ ಬೇಡಿಕೆ ಏರುತ್ತಲೇ ಇತ್ತು. ನಿತ್ಯದ ಖರ್ಚಿಗೆ ಸಾಲ ಮಾಡುವಂತಿಲ್ಲ. ಕಂದಾಯವನ್ನು ಮಿತಿ ಮೀರಿ ಏರಿಸಬೇಕಾದರೆ ಜನಮತ ಕೇಳಬೇಕು. ಅದೂ ಇಂಗ್ಲೆಂಡಿನಲ್ಲಿ ಮನೆ ಕಂದಾಯ ಇವತ್ತಿಗೂ 1991ರ ಮನೆ ಬೆಲೆಯ ಮೇಲೆ ನಿಂತಿದೆ.

ಹಾಗಾದರೆ ಕತ್ತರಿ ಎಲ್ಲಿ ಬೀಳಬೇಕು? ಕಾನೂನು ಎಲ್ಲಿ ಮೆತ್ತಗಿದೆಯೋ ಅಲ್ಲಿ. ಮುದುಕರ ಆರೈಕೆ ನಿಲ್ಲಿಸಿದರೆ ಕೋರ್ಟಿಗೆ ಹೋಗಬಹುದು. ಸಾರ್ವಜನಿಕ ಶೌಚಾಲಯ ಕಟ್ಟಲೇಬೇಕೆಂಬ ಕಾನೂನು ಅಲ್ಲಿಲ್ಲ. ಗ್ರಂಥಾಲಯಕ್ಕೆ 1964ರ ಕಾಯ್ದೆ ಇದೆ. ಸೇವೆ ಸಮಗ್ರವೂ ದಕ್ಷವೂ ಆಗಿರಬೇಕೆನ್ನುತ್ತದೆ, ವಾರಕ್ಕೆ ಎಷ್ಟು ಗಂಟೆ ಬಾಗಿಲು ತೆರೆದಿದ್ದರೆ ಸಮಗ್ರವೆಂದು ಹೇಳುವುದಿಲ್ಲ. ಬರ್ಮಿಂಗ್‌ಹ್ಯಾಮ್‌ನ ದೊಡ್ಡ ಗ್ರಂಥಾಲಯವನ್ನೇ ನೋಡಿ. ಸುಮಾರು 18.8 ಕೋಟಿ ಪೌಂಡ್ ಸುರಿದು ಕಟ್ಟಿ, 2013ರ ಸೆಪ್ಟೆಂಬರಿನಲ್ಲಿ ಮಲಾಲಾ ಯೂಸುಫ್‌ಝಾಯ್ ಕೈಯಿಂದ ಬಾಗಿಲು ತೆರೆಸಿದರು. 2015ರಲ್ಲಿ ವಾರಕ್ಕೆ 73 ಗಂಟೆ ಇದ್ದ ವೇಳೆಯನ್ನು 40ಕ್ಕೆ ಇಳಿಸಿದರು. ಕಟ್ಟಡ ಹಾಗೇ ಥಳಥಳಿಸುತ್ತಿತ್ತು. ಕೆಲಸ ಮುಗಿಸಿ ಸಂಜೆ ಬರುವವರಿಗೆ ಹೆಚ್ಚಿನ ದಿನ ಬಾಗಿಲು ಮುಚ್ಚಿರುತ್ತಿತ್ತು. ನಮ್ಮೂರಿನ ಮೆಟ್ಟಿಲ ಮೇಲೆ ಕೂತ ಹುಡುಗಿಯರು ನನಗೆ ನೆನಪಾಗುವುದು ಇಲ್ಲಿ.

2023ರ ದಿವಾಳಿ ನೋಟಿಸಿನ ಮೇಲೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಸರ್ಕಾರದ ಕಮಿಷನರುಗಳು ಬಂದು ಕೂತರು. ಎರಡು ವರ್ಷದಲ್ಲಿ ಸುಮಾರು 30 ಕೋಟಿ ಪೌಂಡಿನ ಕಡಿತ. ಕಂದಾಯ 2024-25ರಲ್ಲಿ ಶೇ 9.99, ಮರುವರ್ಷ ಶೇ 7.49 ಏರಿತು. ನಾಟಕ, ಸಂಗೀತ ಸಂಸ್ಥೆಗಳಿಗೆ ಕೊಡುತ್ತಿದ್ದ ನೆರವು ಮೊದಲು ಅರ್ಧಕ್ಕಿಳಿದು ಆಮೇಲೆ ಸೊನ್ನೆ. ಕಸದ ಗಾಡಿಯಲ್ಲಿದ್ದ ಒಂದು ಹುದ್ದೆಯನ್ನು ತೆಗೆದುಹಾಕಿದರು. ಸಮಾನ ವೇತನದ ಇನ್ನೊಂದು ತಕರಾರು ಬಾರದಿರಲು ಇದು ಬೇಕೆಂದು ಪಾಲಿಕೆಯ ವಾದ. 2025ರ ಮಾರ್ಚ್ 11ರಿಂದ ಕಸದ ಗಾಡಿಯವರು ಅನಿರ್ದಿಷ್ಟ ಮುಷ್ಕರಕ್ಕೆ ಕೂತರು. ತಿಂಗಳ ಕೊನೆಗೆ ಬೀದಿಗಳಲ್ಲಿ 17,000 ಟನ್ ಕಸ. ಅಡುಗೆ ಮಾಡುವ ಹೆಂಗಸಿಗೂ ಕಸ ಎತ್ತುವ ಗಂಡಸಿಗೂ ಸಮ ಕೂಲಿ ಕೊಡಬೇಕೆಂದರೆ ಅಡುಗೆಯವಳ ಕೂಲಿ ಏರಬೇಕು. ಹಣವಿಲ್ಲದ ಪಾಲಿಕೆ ಅದರ ಬದಲು ಗಂಡಸಿನ ಹುದ್ದೆಯನ್ನು ಕಿತ್ತು ಲೆಕ್ಕ ಸರಿದೂಗಿಸಲು ಹೊರಟಿತು. ನ್ಯಾಯವನ್ನು ಬಡವರಿಬ್ಬರ ನಡುವಿನ ಜಗಳವಾಗಿಸುವುದು ಕಡಿತದ ಅತಿ ಕೆಟ್ಟ ಗುಣವೆಂದು ನಾನು ತಿಳಿದಿದ್ದೇನೆ.

ಪಾಲಿಕೆಗಳು ಪೋಲು ಮಾಡುತ್ತವೆ, ಭ್ರಷ್ಟವಾಗಿವೆ, ಕತ್ತರಿ ಬಿದ್ದರಷ್ಟೇ ಬುದ್ಧಿ ಬರುವುದು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸುತ್ತಿರಬಹುದು. ಲಂಡನ್ ಹೊರವಲಯದ ವೋಕಿಂಗ್ ಎಂಬ ಪುಟ್ಟ ಊರಿನ ಕೌನ್ಸಿಲ್ ಸಾಲ ತಂದು ಗೋಪುರದಂಥ ಕಟ್ಟಡ, ಹೋಟೆಲು ಕಟ್ಟಲು ಹೊರಟು, 2023ರ ಜೂನಿನಲ್ಲಿ 120 ಕೋಟಿ ಪೌಂಡಿನ ಕೊರತೆ ತೋರಿಸಿತು. ಅದರ ಕೈಲಿದ್ದ ವಾರ್ಷಿಕ ಹಣ 1.6 ಕೋಟಿ. ಇದನ್ನು ಯಾರೂ ಸಮರ್ಥಿಸಲಾರರು. ಹೊಣೆಗಾರರನ್ನು ಹಿಡಿಯಿರಿ, ಶಿಕ್ಷಿಸಿರಿ. ಕಟ್ಟಡದ ಜೂಜು ಆಡದ ಮುದುಕಿಯ ಹಗಲು ಆರೈಕೆ ಕೇಂದ್ರಕ್ಕೆ ಬೀಗ ಹಾಕಿದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಇನ್ನೊಂದು ಮಾತು: ಅನುದಾನ ಕಿತ್ತುಕೊಂಡು, ನಿಮ್ಮ ಆದಾಯ ನೀವೇ ಹುಡುಕಿಕೊಳ್ಳಿ ಎಂದು ಪುರಸಭೆಗಳನ್ನು ಬಿಟ್ಟಾಗಲೇ ಇಂಥ ಜೂಜು ಹೆಚ್ಚಿದ್ದು.

ಉಳಿತಾಯವಾದರೂ ಆಯಿತೇ? ಲಂಡನ್ನಿನಲ್ಲಿ 2010ರಿಂದ 2019ರೊಳಗೆ ಸುಮಾರು ಶೇ 30ರಷ್ಟು ಯೂತ್ ಕ್ಲಬ್ಬುಗಳು ಮುಚ್ಚಿದವು. ಶಾಲೆ ಬಿಟ್ಟ ಮೇಲೆ ಹುಡುಗರು ಟೇಬಲ್ ಟೆನಿಸ್ ಆಡುವ, ಹೋಂವರ್ಕ್ ಮಾಡುವ, ದೊಡ್ಡವರೊಬ್ಬರ ಕಣ್ಣಿನ ಕೆಳಗೆ ಇರುವ ಜಾಗ ಅದು. ಅಲ್ಲಿನ ಹಣಕಾಸು ಅಧ್ಯಯನ ಸಂಸ್ಥೆಯ 2024ರ ವರದಿಯ ಪ್ರಕಾರ ಕ್ಲಬ್ಬು ಕಳೆದುಕೊಂಡ ಕಡೆಯ ಮಕ್ಕಳು ಪರೀಕ್ಷೆಯಲ್ಲಿ ಹಿಂದೆ ಬಿದ್ದರು, ಅಪರಾಧದ ದಾರಿ ಹಿಡಿಯುವ ಸಂಭವ ಶೇ 14ರಷ್ಟು ಏರಿತು. ಉಳಿಸಿದ ಪ್ರತಿ ಪೌಂಡಿಗೆ ಸಮಾಜ ತೆತ್ತದ್ದು ಸುಮಾರು 3 ಪೌಂಡ್. ಪುರಸಭೆಯ ಪುಸ್ತಕದಿಂದ ಹೋದ ಖರ್ಚು ಮಕ್ಕಳ ಓದಿನ ನಷ್ಟವಾಗಿ, ಅಪರಾಧದ ಬೆಲೆಯಾಗಿ ಸಮಾಜದ ಪುಸ್ತಕಕ್ಕೆ ಸುಮಾರು ಮೂರು ಪಟ್ಟಾಗಿ ಬಂದು ಕೂತಿತು.

ಕನ್ನಡಿಗರಾದ ನಮಗೆ ಹತ್ತಿರದ ಒಂದು ಜಾಗಕ್ಕೆ ಈಗ ಬರುತ್ತೇನೆ. ಲಂಡನ್ನಿನ ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಅದಕ್ಕಾಗಿ ಓಡಾಡಿದವರು ಕಲಬುರಗಿಯ ನೀರಜ್ ಪಾಟೀಲರು. ಹಿಂದೆ ಲ್ಯಾಂಬೆತ್ ಬರೋದ ಮೇಯರ್ ಆಗಿದ್ದವರು. ಪ್ರತಿಮೆ ನಿಂತಿರುವುದು ಅದೇ ಲ್ಯಾಂಬೆತ್‌ನಲ್ಲಿ. ಪಾಪ್ಲರ್‌ನ ಕೌನ್ಸಿಲರುಗಳು ಸಭೆ ನಡೆಸಿದ ಬ್ರಿಕ್ಸ್‌ಟನ್ ಜೈಲು ಇರುವುದೂ ಲ್ಯಾಂಬೆತ್‌ನಲ್ಲೇ. ಅದೇ ಬರೋದ ಹರ್ನ್ ಹಿಲ್‌ನಲ್ಲಿ ಕಾರ್ನೆಗಿ ಗ್ರಂಥಾಲಯವಿದೆ, 1906ರಲ್ಲಿ ತೆರೆದ ಕೆಂಪು ಇಟ್ಟಿಗೆಯ ಕಟ್ಟಡ. ಪ್ರತಿಮೆ ಅನಾವರಣವಾಗಿ ಐದು ತಿಂಗಳು ತುಂಬುವ ಮೊದಲೇ, 2016ರ ಮಾರ್ಚ್ 31ರಂದು, ಕೌನ್ಸಿಲ್ ಆ ಗ್ರಂಥಾಲಯಕ್ಕೆ ಬೀಗ ಹಾಕಿತು. ಅಂದು ಸಂಜೆ ಬಾಗಿಲು ಮುಚ್ಚುವ ಹೊತ್ತಿಗೆ ಓದುಗರು ಹೊರಗೆ ಬರಲಿಲ್ಲ. ದೊಡ್ಡವರು, ಮಕ್ಕಳು ಪುಸ್ತಕದ ಕಪಾಟುಗಳ ನಡುವೆಯೇ ಹಾಸಿಕೊಂಡು ಮಲಗಿದರು. ಸುಮಾರು ಹತ್ತು ದಿನ ಬಿಡಲಿಲ್ಲ. ಕೊನೆಗೆ ಹೊರಬಂದರು. ಸುಮಾರು ಎರಡು ವರ್ಷ ಮುಚ್ಚಿದ್ದು, 2018ರಲ್ಲಿ ನೆಲಮಾಳಿಗೆಯಲ್ಲಿ ಜಿಮ್ ಕೂಡಿಸಿಕೊಂಡು, ಕಡಿಮೆ ವೇಳೆಗೆ ಗ್ರಂಥಾಲಯ ಮತ್ತೆ ತೆರೆಯಿತು. ಪೂರ್ಣ ಗೆಲುವೆನ್ನಲು ಬಾರದು. ಆದರೂ ಆ ಹತ್ತು ದಿನ ಇರದಿದ್ದರೆ ಪುಸ್ತಕಗಳು ಅಲ್ಲಿ ಉಳಿಯುತ್ತಿರಲಿಲ್ಲವೆಂದೇ ನನ್ನ ನಂಬಿಕೆ. ಕಾಯಕ, ದಾಸೋಹ ಎಂಬ ಎರಡು ಮಾತುಗಳನ್ನು ಬಸವಣ್ಣನವರ ಹೆಸರಿನೊಂದಿಗೆ ನಾವು ದಿನವೂ ಹೇಳುತ್ತೇವೆ. ದುಡಿದದ್ದರಲ್ಲಿ ಒಂದು ಪಾಲು ಎಲ್ಲರಿಗಾಗಿ ಎತ್ತಿಡುವುದೇ ದಾಸೋಹವಾದರೆ, ಕಂದಾಯ ಕಟ್ಟಿ ಗ್ರಂಥಾಲಯ ನಡೆಸುವುದು ಅದರ ಒಂದು ರೂಪ.

ನಮ್ಮ ಕಾನೂನು ಈ ವಿಷಯದಲ್ಲಿ ಒಳ್ಳೆಯದೇ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆಗೆ ಶೇ 6ರ ಗ್ರಂಥಾಲಯ ಕರ ವಸೂಲಾಗುತ್ತದೆ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ, ಅದರಲ್ಲಿ ಬೇರೆ ಸಾಲಾಗಿಯೇ ಇರುತ್ತದೆ. ನೀವು ಕಟ್ಟಿದ್ದೀರಿ. ಆ ಹಣ ಗ್ರಂಥಾಲಯಕ್ಕೆ ಮುಟ್ಟದೆ ಸ್ಥಳೀಯ ಸಂಸ್ಥೆಗಳಲ್ಲೇ ಬಾಕಿ ಉಳಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಇದು ಸದ್ದಿಲ್ಲದ ಕತ್ತರಿ. ನಿರ್ಣಯವಿಲ್ಲ, ಚರ್ಚೆಯಿಲ್ಲ, ಬಾಗಿಲಿಗೆ ಒಂದು ಚೀಟಿ ಅಷ್ಟೇ.

ಈ ಚೀಟಿಗೆ ‘ಆಗುವುದಿಲ್ಲ’ ಎನ್ನಬೇಕಾದವರು ಚುನಾಯಿತ ಸದಸ್ಯರು. ಅವರೇ ಇಲ್ಲದಿದ್ದರೆ? ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅದಾಗಿ ಸುಮಾರು ಐದು ವರ್ಷಕ್ಕೆ ಆ ಪಾಲಿಕೆ ಹೋಗಿ ಐದು ಪಾಲಿಕೆಗಳು ಬಂದವು. ಅಷ್ಟು ಕಾಲವೂ ಚುನಾವಣೆ ನಡೆಯಲಿಲ್ಲ. ಪಾಪ್ಲರ್‌ನ 30 ಮಂದಿ ಜೈಲಿಗೆ ಹೋಗಲಾದದ್ದು ಜನ ಅವರನ್ನು ಆರಿಸಿ ಕಳಿಸಿದ್ದರಿಂದ. ಆಡಳಿತಾಧಿಕಾರಿ ಜೈಲಿಗೆ ಹೋಗುವುದಿಲ್ಲ, ಆತ ವರ್ಗವಾಗಿ ಹೋಗುತ್ತಾನೆ.

ಪುರಸಭೆಗಳಲ್ಲಿ ಬಜೆಟ್‌ಗೆ ಮುನ್ನ ಸಾರ್ವಜನಿಕರನ್ನು ಕರೆದು ಪೂರ್ವಭಾವಿ ಸಭೆ ನಡೆಸುವ ರೂಢಿ ಇದೆ. ಅಲ್ಲಿ ಸಾಮಾನ್ಯವಾಗಿ ಗುತ್ತಿಗೆದಾರರೂ ಬೆರಳೆಣಿಕೆಯ ಮುಖಂಡರೂ ಇರುತ್ತಾರೆ. ಈ ಸಲ ನೀವು ಹೋಗಿ. ಮನೆ ಕಂದಾಯದ ರಸೀದಿ ಕೈಲಿರಲಿ. ಗ್ರಂಥಾಲಯ ಕರ ಈ ವರ್ಷ ಎಷ್ಟು ವಸೂಲಾಯಿತು, ಎಷ್ಟು ಕಟ್ಟಿದಿರಿ, ವಾಚನಾಲಯ ಸಂಜೆ ಎಷ್ಟು ಗಂಟೆವರೆಗೆ ತೆರೆದಿರುತ್ತದೆ ಎಂದು ಕೇಳಿ. ಸಿಕ್ಕಿದ ಉತ್ತರವನ್ನು ಅಲ್ಲೇ ಬರೆದುಕೊಳ್ಳಿ, ಮುಂದಿನ ವರ್ಷದ ಸಭೆಗೆ ಆ ಹಾಳೆ ಹಿಡಿದುಕೊಂಡೇ ಹೋಗಿ.